ಶಾಲೆಯಲ್ಲಿ ಧರ್ಮಬೋಧೆ: ಹೊಣೆ ಯಾರದು?

ಸರ್ಕಾರಿ ಶಾಲೆಗಳಲ್ಲಿ ಧರ್ಮವನ್ನು ಐಚ್ಛಿಕ ವಿಷಯವಾಗಿ ಕಲಿಸಬೇಕೆಂಬ ಮಾತು ಸಮಾಜಬಾಂಧವರಲ್ಲಿ ಆಗಾಗ ಕೇಳಿಬರುತ್ತದೆ. ಮಕ್ಕಳಲ್ಲಿ ಸಂಸ್ಕಾರ ಕುಂದುತ್ತಿದೆಯೆಂಬ ಕಳವಳವೇ ಇದರ ಮೂಲ. ಕಳವಳ ಸಹಜವಾದುದು, ಪರಿಹಾರ ಮಾತ್ರ ವಿಚಾರಾರ್ಹ.

ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಸಲ್ಲದೆಂಬುದು ಸಂವಿಧಾನದ 28ನೆಯ ವಿಧಿ. ಐಚ್ಛಿಕವೆಂದ ಮಾತ್ರಕ್ಕೆ ಈ ನಿಷೇಧ ಸಡಿಲವಾಗದು. ಮಠಗಳು ನಡೆಸುವ ಅನುದಾನಿತ ಶಾಲೆಗಳಲ್ಲಿ ಅವಕಾಶವುಂಟು. ಆದರೆ ಪಾಲಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಆ ಪಾಠಕ್ಕೆ ಕೂರಿಸುವಂತಿಲ್ಲ.

ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳನ್ನು ಕುರಿತು ತಿಳಿಸುವುದು ಬೇರೆ. 1964-66ರ ಕೊಠಾರಿ ಆಯೋಗ ಈ ಭೇದವನ್ನು ಎತ್ತಿ ತೋರಿತು. ಎರಡನೆಯದಕ್ಕೆ 28ನೆಯ ವಿಧಿಯ ಅಡ್ಡಿಯಿಲ್ಲವೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು.

ಐಚ್ಛಿಕವಾದರೆ ಒಂದೇ ಸಾಲಿನಲ್ಲಿ ಕುಳಿತ ಮಕ್ಕಳು ಗಂಟೆ ಬಾರಿಸಿದೊಡನೆ ಮತಕ್ಕೊಂದು ಕೊಠಡಿಗೆ ಚದುರುವರು. ಊರಿನಲ್ಲಿ ಎರಡೇ ಮನೆಗಳುಳ್ಳ ಮತದ ಮಗುವಿಗೆ ಬೋಧಿಸುವವರು ಯಾರು? ಆದುದರಿಂದ ಬುದ್ಧ, ಮಹಾವೀರ, ಯೇಸು, ಪೈಗಂಬರ್, ಬಸವಣ್ಣ, ನಾನಕರ ಬಾಳನ್ನು ಶಾಲೆಯು ಎಲ್ಲ ಮಕ್ಕಳಿಗೂ ಒಟ್ಟಿಗೆ ತಿಳಿಸಲಿ. ಇಷ್ಟಲಿಂಗಪೂಜೆ, ವಚನಪಠಣ, ದಾಸೋಹಗಳನ್ನು ಕಲಿಸುವ ಹೊಣೆ ಮನೆ-ಮಠಗಳದು. ತಂದೆತಾಯಿಗಳೇ ಪೂಜೆಗೆ ಕೂರದ ಮನೆಯ ಮಗುವಿಗೆ ಯಾವ ಪಠ್ಯಪುಸ್ತಕ ತಾನೇ ಲಿಂಗನಿಷ್ಠೆಯನ್ನು ಕಲಿಸೀತು?