ಕಾಲ್‌ಬ್ಯಾಕ್ ಓಡುವಾಗ ಕನೆಕ್ಷನ್ ಯಾರ ಕೈಯಲ್ಲಿ?

ಕಾಲ್‌ಬ್ಯಾಕ್ ಎಂದ ಕೂಡಲೇ ಅಸಿಂಕ್ರನಸ್ ಎಂದು ತಿಳಿಯುವವರು ಬಹಳ. ಕ್ವೆರಿ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ, ನಮ್ಮ ಥ್ರೆಡ್ ಮುಂದಿನ ಕೆಲಸಕ್ಕೆ ಹೋಗುತ್ತದೆ, ಉತ್ತರ ಬಂದಾಗ ನಮ್ಮನ್ನು ಕರೆಯುತ್ತಾರೆ ಎಂಬುದು ಅವರ ಎಣಿಕೆ. ಜಾವಾಸ್ಕ್ರಿಪ್ಟ್ ಬರೆದು ಬಂದವರು ಹೀಗೆ ಊಹಿಸುವುದು ಸಹಜವೇ. ಆದರೆ ಜಾವಾದ ಸ್ಪ್ರಿಂಗ್‌ನಲ್ಲಿ ಜೆಡಿಬಿಸಿ ಟೆಂಪ್ಲೇಟ್‌ಗೆ ಒಂದು ರೋ ಮ್ಯಾಪರ್ ಕೊಟ್ಟು, ಅದರೊಳಗೆ ಬ್ರೇಕ್‌ಪಾಯಿಂಟ್ ಇಟ್ಟು ನೋಡಿ. ಮ್ಯಾಪರ್ ಓಡುವುದು ನಿಮ್ಮದೇ ಥ್ರೆಡ್‌ನಲ್ಲಿ; ಸ್ಟ್ಯಾಕ್‌ನಲ್ಲಿ ಸ್ವಲ್ಪ ಕೆಳಗಿಳಿದರೆ ನಿಮ್ಮ ಸರ್ವೀಸ್ ಮೆಥಡ್ ಕಾದು ನಿಂತಿರುತ್ತದೆ. ಕೊನೆಯ ಸಾಲಿನ ಕೆಲಸ ಮುಗಿಯುವ ತನಕ ಅದು ಅಲ್ಲಿಂದ ಕದಲುವುದಿಲ್ಲ.

ಹಾಗಾದರೆ ಕಾಲ್‌ಬ್ಯಾಕ್ ಏಕೆ ಬೇಕಿತ್ತು? ಕನೆಕ್ಷನ್ ತೆಗೆಯುವ, ಮುಚ್ಚುವ ಹೊಣೆಯನ್ನು ನಮ್ಮ ಕೈಯಿಂದ ಬಿಡಿಸಲು. 1997ರಲ್ಲಿ ಜೆಡಿಕೆ 1.1ರ ಜೊತೆ ಬಂದ ಜೆಡಿಬಿಸಿಯಲ್ಲಿ ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್ ಸೆಟ್ ಮೂರನ್ನೂ ನಾವೇ ಮುಚ್ಚಬೇಕಿತ್ತು. ಮುಚ್ಚುವಾಗಲೂ ಎಕ್ಸೆಪ್ಷನ್ ಬರಬಹುದಿತ್ತು. ರಾಡ್ ಜಾನ್ಸನ್ 2002ರ ತಮ್ಮ ಪುಸ್ತಕದೊಂದಿಗೆ ಕೊಟ್ಟ ಕೋಡ್‌ನಿಂದ ಬೆಳೆದ ಸ್ಪ್ರಿಂಗ್ ಈ ಏರ್ಪಾಟನ್ನು ಬದಲಿಸಿತು. ಮದುವೆ ಮನೆಗೆ ಬಾಡಿಗೆ ಪಾತ್ರೆ ತಂದು, ಎಣಿಸಿ ವಾಪಸ್ ಕೊಡುವ ಜವಾಬ್ದಾರಿ ಒಬ್ಬರದಾದರೆ ಅಡುಗೆ ಭಟ್ಟರು ಅಡುಗೆಯನ್ನಷ್ಟೇ ನೋಡಿಕೊಳ್ಳುತ್ತಾರಲ್ಲ, ಹಾಗೆ.

‘2011ರಲ್ಲಿ ಟ್ರೈ ವಿತ್ ರಿಸೋರ್ಸಸ್ ಬಂತಲ್ಲ, 2014ರಲ್ಲಿ ಲ್ಯಾಂಬ್ಡಾನೂ ಬಂತು, ಇನ್ನು ಈ ಇಂಟರ್‌ಫೇಸ್‌ಗಳೇಕೆ’ ಎನ್ನುವವರಿದ್ದಾರೆ. ನೀವು ಬರೆಯುವ ಲ್ಯಾಂಬ್ಡಾವೇ ರೋ ಮ್ಯಾಪರ್ ಇಂಟರ್‌ಫೇಸ್‌ನ ಅನುಷ್ಠಾನ; ರೂಪ ಚಿಕ್ಕದಾಯಿತು, ಅಷ್ಟೇ. ಟ್ರೈ ವಿತ್ ರಿಸೋರ್ಸಸ್ ಮುಚ್ಚುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಒಂದೇ ಕೀಯನ್ನು ಎರಡು ಸಲ ಸೇರಿಸಹೊರಟರೆ ಒರಾಕಲ್ ಒಆರ್‌ಎ-00001 ಎನ್ನುತ್ತದೆ, ಮೈಎಸ್‌ಕ್ಯೂಎಲ್ 1062 ಎನ್ನುತ್ತದೆ, ಪೋಸ್ಟ್‌ಗ್ರೆಸ್ 23505 ಎನ್ನುತ್ತದೆ. ಈ ಮೂರನ್ನೂ ಡುಪ್ಲಿಕೇಟ್ ಕೀ ಎಕ್ಸೆಪ್ಷನ್ ಎಂಬ ಒಂದೇ ಹೆಸರಿಗೆ ತಂದು ಕೊಡುವುದು ಟೆಂಪ್ಲೇಟ್. ನಡೆಯುತ್ತಿರುವ ಟ್ರಾನ್ಸಾಕ್ಷನ್‌ನ ಕನೆಕ್ಷನ್ನನ್ನೇ ಹುಡುಕಿ ಬಳಸುವುದೂ ಅದೇ.

ನಿಜವಾದ ಪೆಟ್ಟು ಬೀಳುವುದು ಇನ್ನೊಂದು ನಂಬಿಕೆಯಿಂದ: ‘ಕನೆಕ್ಷನ್ ಚಿಂತೆ ಟೆಂಪ್ಲೇಟ್‌ನದು, ಮ್ಯಾಪರ್ ಒಳಗೆ ಏನು ಬೇಕಾದರೂ ಬರೆಯಬಹುದು.’ ಆರ್ಡರ್‌ಗಳ ಪಟ್ಟಿ ಓದುತ್ತಿದ್ದೀರಿ. ಪ್ರತಿ ಸಾಲಿಗೂ ಗ್ರಾಹಕರ ಹೆಸರು ತರಲು ಮ್ಯಾಪರ್ ಒಳಗಿಂದಲೇ ಇನ್ನೊಂದು ಕ್ವೆರಿ ಕಳಿಸುತ್ತೀರಿ. ಹೊರಗಿನ ಕ್ವೆರಿ ಮುಗಿದಿಲ್ಲ, ಅದರ ಕನೆಕ್ಷನ್ ವಾಪಸ್ ಹೋಗಿಲ್ಲ. ಟ್ರಾನ್ಸಾಕ್ಷನ್ ಇಲ್ಲದಿದ್ದರೆ ಒಳಗಿನ ಕ್ವೆರಿಗೆ ಪೂಲ್‌ನಿಂದ ಎರಡನೆಯ ಕನೆಕ್ಷನ್ ಬೇಕು. ಹಿಕಾರಿಸಿಪಿ ಪೂಲ್‌ನ ಡಿಫಾಲ್ಟ್ ಮಿತಿ 10. ಹತ್ತು ರಿಕ್ವೆಸ್ಟ್‌ಗಳು ಒಟ್ಟಿಗೆ ಬಂದು ತಲಾ ಒಂದನ್ನು ಹಿಡಿದು ನಿಂತವೆನ್ನಿ: ಎಲ್ಲರಿಗೂ ಇನ್ನೊಂದು ಬೇಕು, ಬಿಟ್ಟುಕೊಡುವವರು ಯಾರೂ ಇಲ್ಲ. ಡಿಫಾಲ್ಟ್ ಕಾಯುವ ಅವಧಿಯಾದ 30 ಸೆಕೆಂಡ್ ಕಳೆದ ಮೇಲೆ ಎಕ್ಸೆಪ್ಷನ್‌ಗಳು ಸಾಲುಗಟ್ಟುತ್ತವೆ. ಅಷ್ಟು ಹೊತ್ತೂ ಡೇಟಾಬೇಸ್ ಸರ್ವರ್ ಆರಾಮಾಗಿರುತ್ತದೆ, ಬೈಗುಳ ಮಾತ್ರ ಡಿಬಿಎಗೆ! ಡೆವಲಪರ್ ಒಬ್ಬರೇ ಕೂತು ಪರೀಕ್ಷಿಸುವಾಗ ಇದು ಕಾಣಿಸುವುದೇ ಇಲ್ಲ. ಒಂದು ಜಾಯಿನ್ ಬರೆದಿದ್ದರೆ ಇಡೀ ರಗಳೆಯೇ ಇರುತ್ತಿರಲಿಲ್ಲ.

‘ಕಾಲ್‌ಬ್ಯಾಕ್‌ಗೆ ಒಂದೊಂದೇ ಸಾಲು ಬರುತ್ತದೆ, ಹಾಗಾಗಿ ಮೆಮೊರಿ ತುಂಬುವುದಿಲ್ಲ’ ಎಂಬುದನ್ನೂ ನೆಚ್ಚಿಕೊಳ್ಳುವಂತಿಲ್ಲ. ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್ ಬೇರೆ ಹೇಳದ ಹೊರತು ಇಡೀ ಫಲಿತಾಂಶವನ್ನು ಮೊದಲೇ ಮೆಮೊರಿಗೆ ಎಳೆದುಕೊಂಡಿರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಫೆಚ್ ಸೈಜ್ ಕೊಡಬೇಕು, ಆಟೋ ಕಮಿಟ್ ಆಫ್ ಇರಬೇಕು.

ರಿಸಲ್ಟ್ ಸೆಟ್ಟನ್ನು ಮುಂದಕ್ಕೆ ಸರಿಸುವುದು ಯಾರ ಕೆಲಸ ಎಂಬಲ್ಲೂ ಎಡವುವವರಿದ್ದಾರೆ. ರೋ ಮ್ಯಾಪರ್‌ನಲ್ಲಿ ಅದು ಟೆಂಪ್ಲೇಟ್‌ನದು, ರಿಸಲ್ಟ್ ಸೆಟ್ ಎಕ್ಸ್‌ಟ್ರಾಕ್ಟರ್‌ನಲ್ಲಿ ನಿಮ್ಮದು. ಮ್ಯಾಪರ್‌ನ ಮೊದಲ ಸಾಲಿನಲ್ಲೇ ನೀವೂ ಒಮ್ಮೆ ‘ನೆಕ್ಸ್ಟ್’ ಕರೆದರೆ ಒಂದು ಬಿಟ್ಟು ಒಂದು ಸಾಲು ಮಾಯ. ಒಟ್ಟು ಸಾಲುಗಳು ಸಮಸಂಖ್ಯೆಯಲ್ಲಿದ್ದರೆ ಅರ್ಧ ಡೇಟಾ ಸದ್ದಿಲ್ಲದೆ ಕಾಣೆಯಾಗುತ್ತದೆ. ಬೆಸವಾಗಿದ್ದರೆ ಕೊನೆಯಲ್ಲಿ ಎಕ್ಸೆಪ್ಷನ್ ಬಂದು ನೀವು ಬಚಾವ್.

ಇನ್ನು ‘ಟೆಂಪ್ಲೇಟ್ ಯಾವಾಗಲೂ ಮುಚ್ಚಿಯೇ ಮುಚ್ಚುತ್ತದೆ’ ಎಂಬ ಮಾತಿಗೂ ಅಪವಾದವಿದೆ. ಸ್ಪ್ರಿಂಗ್ 5.3ರಲ್ಲಿ ಬಂದ ‘ಕ್ವೆರಿ ಫಾರ್ ಸ್ಟ್ರೀಮ್’ ಮೆಥಡ್ ತೆರೆದ ಸ್ಟ್ರೀಮನ್ನೇ ನಿಮ್ಮ ಕೈಗೆ ಕೊಡುತ್ತದೆ. ಇಲ್ಲಿ ಮ್ಯಾಪರ್ ಇದ್ದರೂ ಮುಚ್ಚುವ ಹೊಣೆ ಮತ್ತೆ ನಿಮ್ಮದು. ಟ್ರಾನ್ಸಾಕ್ಷನ್ ಇಲ್ಲದ ಕಡೆ ಸ್ಟ್ರೀಮ್ ಮುಚ್ಚುವವರೆಗೆ ಕನೆಕ್ಷನ್ ಪೂಲ್‌ಗೆ ಮರಳುವುದಿಲ್ಲ, ಟ್ರೈ ಬ್ಲಾಕ್ ಬರೆಯಲೇಬೇಕು.