ಕೇಸ್ ಶೀಟಿನ ಭಾಷೆ

ಬಾಳಿನ ಬಹುಭಾಗವನ್ನು ಕನ್ನಡ ಪಾಠ ಹೇಳುವುದರಲ್ಲಿ ಕಳೆದ ನನಗೂ ಆಸ್ಪತ್ರೆಯ ಕೇಸ್ ಶೀಟಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಆ ಸಂಬಂಧವನ್ನು ತಂದುಕೊಟ್ಟದ್ದು ನನ್ನ ಅಣ್ಣನವರ ಕಾಯಿಲೆ.

ಕೆಲವು ವರ್ಷಗಳ ಹಿಂದೆ ಅವರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ಆ ರಾತ್ರಿ ನಾನು ಜೊತೆಗಿದ್ದೆ. "ಕಿಬ್ಬೊಟ್ಟೆ ಭಾರವಾಗಿದೆ, ಮೂತ್ರ ಹೋಗುತ್ತಿಲ್ಲ" ಎಂದು ಅಣ್ಣ ನರ್ಸಿಗೆ ಎರಡು ಸಲ ಹೇಳಿದರು. ಆಕೆ ಕಳಕಳಿಯಿಂದಲೇ ಕೇಳಿಸಿಕೊಂಡು, ಸ್ವಲ್ಪ ಹೊತ್ತು ನೋಡೋಣವೆಂದರು. ಅಷ್ಟರಲ್ಲಿ ಬೇರೊಬ್ಬ ರೋಗಿಯ ಕಡೆಯಿಂದ ತುರ್ತು ಕರೆ ಬಂತು. ಬೆಳಗಿನ ಸರದಿಗೆ ಬಂದವರು ಕೇಸ್ ಶೀಟನ್ನು ತಿರುವಿದರು. "ಜನರಲ್ ಕಂಡಿಷನ್ ಫೇರ್, ಸ್ಲೆಪ್ಟ್ ವೆಲ್" ಎಂದಿತ್ತು. ಮುಂದಿನ ಹಾಸಿಗೆಗೆ ನಡೆದರು. ನಾನಾದರೂ ಬಾಯಿಬಿಟ್ಟು ಹೇಳಬಹುದಿತ್ತು; ಬರೆದಿರುತ್ತಾರೆಂದು ನಂಬಿ ಸುಮ್ಮನಿದ್ದೆ. ಹತ್ತು ಗಂಟೆಯ ವೇಳೆಗೆ ಅಣ್ಣ ಸಂಕಟ ತಾಳಲಾರದೆ ಕೂಗತೊಡಗಿದರು. ಕೊಳವೆ ಹಾಕಿದಾಗ ಒಂದು ಲೀಟರಿಗೂ ಹೆಚ್ಚು ಮೂತ್ರ ಹೊರಬಂತು. ಅವರೇನೋ ಚೇತರಿಸಿಕೊಂಡರು. ಆದರೆ ಆ "ಫೇರ್" ಎಂಬ ಮಾತು ನನ್ನನ್ನು ಬಿಡಲಿಲ್ಲ.

ರಾತ್ರಿಯ ನರ್ಸ್ ಕಂಡಿದ್ದರು, ಕೇಳಿದ್ದರು, ಬರೆಯಲಿಲ್ಲ, ಅಷ್ಟೆ. ಕಾವ್ಯದಲ್ಲಿ ಹೇಳದೆ ಬಿಟ್ಟದ್ದನ್ನು ಸಹೃದಯನು ತುಂಬಿಕೊಳ್ಳುತ್ತಾನೆ. ಅದನ್ನೇ ನಾವು ಧ್ವನಿ ಎಂದು ಕೊಂಡಾಡುತ್ತೇವೆ. ಕೇಸ್ ಶೀಟಿನಲ್ಲಿ ಹೇಳದೆ ಬಿಟ್ಟದ್ದನ್ನು ತುಂಬಿಕೊಳ್ಳುವವರು ಯಾರೂ ಇಲ್ಲ. ಅಲ್ಲಿ ವಾಚ್ಯಾರ್ಥವೇ ಸರ್ವಸ್ವ.

ಹಾಗಾದರೆ ಏನು ಬರೆಯಬೇಕಿತ್ತು? "ರಾತ್ರಿ 2 ಗಂಟೆ. ಶಸ್ತ್ರಚಿಕಿತ್ಸೆಯ ನಂತರ ಮೂತ್ರವಾಗಿಲ್ಲ. 'ಕಿಬ್ಬೊಟ್ಟೆ ಭಾರ' ಎನ್ನುತ್ತಾರೆ. ಹೊಟ್ಟೆಯ ಕೆಳಭಾಗ ಉಬ್ಬಿದೆ, ಮುಟ್ಟಿದರೆ ನೋವು. 2.10ಕ್ಕೆ ಡ್ಯೂಟಿ ಡಾಕ್ಟರಿಗೆ ತಿಳಿಸಿದೆ." ಬರೆಯಲು ಎರಡು ನಿಮಿಷ ಸಾಕು. ಇದರಲ್ಲಿ "ಚೆನ್ನಾಗಿದ್ದಾರೆ", "ಪರವಾಗಿಲ್ಲ" ಎಂಬಂಥ ವಿಶೇಷಣ ಒಂದೂ ಇಲ್ಲ. ಹೊತ್ತು ಇದೆ, ರೋಗಿಯ ಮಾತು ಇದೆ, ಕಣ್ಣು ಕೈ ಕಂಡದ್ದು ಇದೆ, ಮಾಡಿದ ಕೆಲಸ ಇದೆ.

ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯರು 1968ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ರೋಗಿಯ ದಾಖಲೆಯು ಚಿಕಿತ್ಸೆಗೆ ದಾರಿ ತೋರಬೇಕು, ಕಲಿಯುವವರಿಗೆ ಪಾಠವೂ ಆಗಬೇಕು ಎಂದು ವಾದಿಸಿದರು. ಅವರ ಪದ್ಧತಿಯಿಂದ ಬಳಕೆಗೆ ಬಂದ ನಾಲ್ಕು ಅಂಗಗಳ ಟಿಪ್ಪಣಿಯನ್ನು "ಸೋಪ್" ಎಂಬ ಹೆಸರಿನಿಂದ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ: ರೋಗಿ ಹೇಳಿದ್ದು, ನಾವು ಕಂಡದ್ದು, ನಮಗೆ ತೋರಿದ್ದು, ಇನ್ನು ಮಾಡಬೇಕಾದದ್ದು. ಈ ನಾಲ್ಕನ್ನು ಒಂದರೊಳಗೊಂದು ಕಲಸದಿರುವುದೇ ಇದರ ಗುಟ್ಟು. ಕಂಡದ್ದು ಸತ್ಯವಾಗಿದ್ದು ತೋರಿದ್ದು ತಪ್ಪಾಗಿರಬಹುದು. ಬೇರೆ ಬೇರೆಯಾಗಿ ಬರೆದಿದ್ದರೆ ಮುಂದೆ ಬರುವವರು ತಪ್ಪನ್ನು ತಿದ್ದಬಲ್ಲರು.

ಮೊದಲನೆಯ ಅಂಗದಲ್ಲಿ ಭಾಷೆಯ ಮೇಷ್ಟರಿಗೂ ಒಂದು ಮಾತು ಹೇಳುವ ಹಕ್ಕಿದೆ. ನಮ್ಮ ಜನ "ಮನೆಯೇ ತಿರುಗಿದ ಹಾಗಾಗುತ್ತದೆ" ಎನ್ನುತ್ತಾರೆ, "ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ" ಎನ್ನುತ್ತಾರೆ, "ಕಾಲು ನೆಲದ ಮೇಲೆ ನಿಲ್ಲುವುದಿಲ್ಲ" ಎನ್ನುತ್ತಾರೆ. ಕಾಗದಕ್ಕೆ ಇಳಿಯುವಾಗ ಮೂರೂ "ಗಿಡ್ಡಿನೆಸ್" ಆಗಿಬಿಡುತ್ತವೆ! ಮೊದಲನೆಯದು ಕಿವಿಯ ಒಳಭಾಗದ ದೋಷವಿರಬಹುದು. ಎರಡನೆಯದು ನಿಂತಾಗ ರಕ್ತದ ಒತ್ತಡ ಇಳಿಯುವುದರಿಂದ ಇರಬಹುದು. ಮೂರನೆಯದು ನರಗಳ ತೊಂದರೆಯಿರಬಹುದು. ಹಳ್ಳಿಯ ಮುದುಕಿ ಬಿಡಿಸಿಟ್ಟದ್ದನ್ನು ಓದಿದವರು ಗಂಟು ಹಾಕಬಾರದು. ಆಕೆಯ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಬರೆದಿಡಿ, ಅನುವಾದ ಆಮೇಲೆ.

ಅಂಕಿಗಳಲ್ಲಿ ಇನ್ನೂ ಎಚ್ಚರ ಬೇಕು. 1.0 ಎಂದು ಬರೆದರೆ ನಡುವಿನ ಚುಕ್ಕಿ ಕಾಣದೆ 10 ಆಗಬಹುದು. ಬರಿಯ 1 ಎನ್ನಿ. ಅರ್ಧಕ್ಕೆ .5 ಎನ್ನದೆ 0.5 ಎನ್ನಿ. ಇನ್ಸುಲಿನ್ನಿನ ಯೂನಿಟ್ಟನ್ನು ಯು ಅಕ್ಷರವೊಂದರಿಂದ ಸೂಚಿಸಿದರೆ ಅದು ಸೊನ್ನೆಯಂತೆ ಕಂಡು, 4 ಯೂನಿಟ್ಟು 40 ಆದೀತು. ಪದವನ್ನು ಪೂರ್ತಿ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯದು ಕಾಣುವಂತೆ ಬಿಟ್ಟು, ಸರಿಯಾದದ್ದನ್ನು ಬರೆದು, ಸಹಿ, ತಾರೀಖು, ಹೊತ್ತು ಹಾಕಿ. ಈಗ ಕಂಪ್ಯೂಟರ್ ಬಂದಿದೆ, ಅಕ್ಷರದ ಕಾಟ ತಪ್ಪಿತು. ಆದರೆ ನಿನ್ನೆಯ ಟಿಪ್ಪಣಿಯನ್ನೇ ಇಂದಿಗೂ ಅಂಟಿಸುವ ಹೊಸ ಚಾಳಿ ಹುಟ್ಟಿದೆ.

ಇನ್ನೊಂದು ಮಾತು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳು, ರೋಗಿ ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಒದಗಿಸಬೇಕೆಂದು ವಿಧಿಸಿದವು. ಆದ್ದರಿಂದ "ಹಟಮಾರಿ" ಎಂದು ಬರೆಯುವ ಮುನ್ನ ಯೋಚಿಸಿ. "ಮಾತ್ರೆ ಬೇಡವೆಂದರು, ಹೊಟ್ಟೆ ಉರಿಯುತ್ತದೆಂಬುದು ಕಾರಣ" ಎಂದು ಬರೆದರೆ ಆ ಹಟದ ಮೂಲವೇ ತಿಳಿಯುತ್ತದೆ.

ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟೆ. ಪೆನ್ನು ಕೆಳಗಿಡುವ ಮುನ್ನ ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ: ನಾನು ಈ ಗಳಿಗೆಯೇ ಮನೆಗೆ ಹೊರಟುಹೋದರೆ, ಇದನ್ನು ಓದಿದವರಿಗೆ ಈ ರೋಗಿಗಾಗಿ ಮೊದಲು ಏನು ಮಾಡಬೇಕೆಂದು ತಿಳಿಯುತ್ತದೆಯೆ?