ನೆಗಡಿ ಎದೆಗೆ ಇಳಿದಾಗ

ನೆಗಡಿ ಯಾರಿಗೆ ಬರೋದಿಲ್ಲ ಹೇಳಿ? ಅದನ್ನು ತರೋದು ವೈರಸ್ ಎಂಬ ರೋಗಾಣು. ನಮ್ಮ ರಕ್ತದಲ್ಲಿ ಕಾವಲು ಇದೆ. ಅದು ರೋಗಾಣುವನ್ನು ಓಡಿಸುತ್ತದೆ.

ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಈ ಕಾವಲು ಕಡಿಮೆ. ಅವರ ನೆಗಡಿ ಬೇಗ ಹೋಗೋದಿಲ್ಲ. ಎದೆಗೆ ಇಳಿದು ನ್ಯುಮೋನಿಯಾ ಆಗಬಹುದು.

ಇದು ಶಾಪ ಅಲ್ಲ. ತಾಯಿಯ ತಪ್ಪೂ ಅಲ್ಲ.

1952ರಲ್ಲಿ ಅಮೆರಿಕದ ಡಾಕ್ಟರ್ ಬ್ರೂಟನ್ ಇಂಥ 8 ವರ್ಷದ ಹುಡುಗನ ಬಗ್ಗೆ ವರದಿ ಮಾಡಿದರು. ಅವನ ರಕ್ತದಲ್ಲಿ ಇಲ್ಲದ ಕಾವಲನ್ನು ಸೂಜಿ ಮೂಲಕ ಕೊಟ್ಟರು. ಹುಡುಗ ಚೇತರಿಸಿಕೊಂಡ.

ಅಕ್ಕಾ, ಮಗುವಿಗೆ ವರ್ಷದಲ್ಲಿ 2 ಸಲ ನ್ಯುಮೋನಿಯಾ ಆಯಿತೆ? ಮನೆತನದಲ್ಲಿ ಕೂಸುಗಳು ಹೀಗೇ ತೀರಿಕೊಂಡಿವೆಯೆ? ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ರಕ್ತ ಪರೀಕ್ಷೆ ಮಾಡಿಸಿ.

ನೆಗಡಿ ಆದವರು ಇಂಥ ಮಗುವನ್ನು ಎತ್ತಿಕೊಳ್ಳಬೇಡಿ. ಕೈ ತೊಳೆಯಿರಿ. ಉಸಿರು ಜೋರಾದರೆ, ಪಕ್ಕೆ ಒಳಗೆ ಸೆಳೆದರೆ ಕೂಡಲೇ ಆಸ್ಪತ್ರೆಗೆ ನಡೆಯಿರಿ.